ಸೇಲ್ಸ್‌ಮನ್‌ನ ಸಾವಿಗೆ ರಾಜನ ಅಳತೆಗೋಲು ಬೇಡ

ಆರ್ಥರ್ ಮಿಲ್ಲರ್‌ನ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕ ಪಠ್ಯವಾದಲ್ಲೆಲ್ಲ ಒಂದು ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ: ವಿಲ್ಲಿ ಲೋಮನ್ ದುರಂತ ನಾಯಕನೇ? ಅರಿಸ್ಟಾಟಲ್ ಹೇಳಿದ ಲಕ್ಷಣಗಳನ್ನು ಒಂದೊಂದಾಗಿ ಬರೆದು, ಇದು ಇದೆ, ಅದು ಇಲ್ಲ ಎಂದು ಗುರುತು ಹಾಕುತ್ತ ಹೋಗಿ, 'ಆಧುನಿಕ ಅರ್ಥದಲ್ಲಿ ಹೌದು' ಎಂದು ಮುಗಿಸಿದರೆ ಉತ್ತರವಾಯಿತು. ಈ ದಾರಿಯಲ್ಲಿ ಅಂಕ ಸಿಗಬಹುದು, ನಾಟಕ ಸಿಗುವುದಿಲ್ಲ. ದುಡಿದು ಬದುಕುವವರ ದುರಂತವನ್ನು ಅವರ ದುಡಿಮೆಯ ಕಡೆಯಿಂದಲೇ ಓದಬೇಕು ಎಂಬುದು ನನ್ನ ವಾದ. ಸಂಬಳ ಎಷ್ಟು, ಸಾಲ ಎಷ್ಟು, ಯಾರ ಮುಂದೆ ಕೈಚಾಚಬೇಕಾಯಿತು, ಯಾರ ಮುಂದೆ ಚಾಚಲು ಮನಸ್ಸು ಒಪ್ಪಲಿಲ್ಲ: ಇಂಥ ನಾಟಕಗಳಲ್ಲಿ ವಿಧಿ ಇರುವುದು ಈ ವಿವರಗಳ ಒಳಗೇ.

ರಾಜನ ಅಳತೆಗೋಲು ನಮ್ಮ ಕೈಗೆ ಹೇಗೆ ಬಂತು ಎಂಬುದಕ್ಕೆ ಚರಿತ್ರೆಯಿದೆ. ಕನ್ನಡಕ್ಕೆ ಗ್ರೀಕ್ ದುರಂತದ ರುಚಿ ಹತ್ತಿಸಿದವರು ಬಿ.ಎಂ.ಶ್ರೀ. ಸೋಫೋಕ್ಲಿಸ್‌ನ 'ಅಯಾಸ್' ಅವರ ಕೈಯಲ್ಲಿ 1929ರ ಹೊತ್ತಿಗೆ 'ಅಶ್ವತ್ಥಾಮನ್' ಆಯಿತು. ಆಮೇಲೆ ಈಸ್ಕಿಲಸ್‌ನ 'ಪಾರಸಿಕರು' ಬಂತು. ಕುವೆಂಪು ಅವರ 'ರಕ್ತಾಕ್ಷಿ' ಹ್ಯಾಮ್ಲೆಟ್‌ನ ನೋವನ್ನು ಬಿದನೂರಿನ ಅರಮನೆಗೆ ತಂದಿತು. ಸಂಸರು ಮೈಸೂರು ಅರಸರ ಚರಿತ್ರೆಗೆ ಹೋದರು. ಬೀದಿ ಗುಡಿಸುವವನನ್ನು ನಾಯಕನನ್ನಾಗಿ ಮಾಡಿದ 'ಜಲಗಾರ' ದೊಡ್ಡ ಹೆಜ್ಜೆಯೇ ನಿಜ, ಆದರೆ ಅಲ್ಲಿ ಶಿವನೇ ಜಲಗಾರನಾಗಿ ಎದುರಿಗೆ ಬರುತ್ತಾನೆ, ಅದು ದುರಂತವಲ್ಲ. ಹೀಗೆ ದುರಂತವೆಂದರೆ ಎತ್ತರದಿಂದ ಬೀಳುವುದು, ಬೀಳುವವನು ವೀರನೋ ಅರಸನೋ ಆಗಿರಬೇಕು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರು ಬಿಟ್ಟಿದೆ. ಆ ಕೃತಿಗಳ ಋಣ ಕನ್ನಡದ ಮೇಲೆ ಸದಾ ಇರುತ್ತದೆ. ಆದರೆ ಅವುಗಳನ್ನು ಓದುವ ಕ್ರಮದಲ್ಲೇ ವಿಲ್ಲಿಯನ್ನು ಓದಲು ಹೊರಟರೆ ಅವನು ಕುಳ್ಳನಾಗಿಯೇ ಕಾಣುತ್ತಾನೆ.

ನಾಟಕದ ಲೆಕ್ಕಗಳನ್ನೇ ನೋಡಿ. ಮೊದಲ ಅಂಕದಲ್ಲಿ, ನೆನಪಿನ ಒಂದು ದೃಶ್ಯದಲ್ಲಿ, ಊರೂರು ತಿರುಗಿ ಬಂದ ವಿಲ್ಲಿ ಪ್ರಾವಿಡೆನ್ಸ್‌ನಲ್ಲಿ ಐನೂರು ಗ್ರೋಸ್, ಬಾಸ್ಟನ್‌ನಲ್ಲಿ ಏಳ್ನೂರು ಗ್ರೋಸ್ ಮಾರಿದೆ ಎಂದು ಹೆಂಡತಿ ಲಿಂಡಾಳ ಮುಂದೆ ಬೀಗುತ್ತಾನೆ. ಅವಳು ಪೆನ್ಸಿಲ್ ಹಿಡಿದು ಕಮಿಷನ್ ಲೆಕ್ಕ ಹಾಕುತ್ತಾಳೆ: 212 ಡಾಲರ್. ಆಗ ಗಂಡ ತಡವರಿಸುತ್ತಾನೆ. ಪ್ರವಾಸವೆಲ್ಲ ಸೇರಿ ಇನ್ನೂರು ಗ್ರೋಸ್‌ನಷ್ಟು ಆಗಿರಬಹುದು ಎಂಬಲ್ಲಿಗೆ ಇಳಿಯುತ್ತಾನೆ. ಕೈಗೆ ಬರುವುದು 70 ಡಾಲರ್ ಮತ್ತು ಸ್ವಲ್ಪ ಚಿಲ್ಲರೆ. ವಾಷಿಂಗ್ ಮಷೀನಿನ ಕಂತು, ಫ್ರಿಜ್ಜಿನ ಕಂತು, ಸೂರಿನ ದುರಸ್ತಿಯ ಬಾಕಿ, ಕಾರಿನ ಕಾರ್ಬ್ಯುರೇಟರ್ ಖರ್ಚು ಎಲ್ಲ ಸೇರಿ ಹದಿನೈದನೇ ತಾರೀಖಿನೊಳಗೆ ಕೊಡಬೇಕಾದ್ದು ಸುಮಾರು 120. ಲಿಂಡಾ ಒಮ್ಮೆಯೂ 'ಸುಳ್ಳು ಹೇಳಿದೆ' ಎನ್ನುವುದಿಲ್ಲ. ಕೂಡಿಸುತ್ತಾಳೆ, ಅಷ್ಟೇ. ಈ ಸಂಸಾರ ಯಾವ ಸುಳ್ಳಿನ ಮೇಲೆ ನಿಂತಿದೆ, ಯಾರು ಅದನ್ನು ಪ್ರೀತಿಯಿಂದಲೇ ಕಾಪಾಡುತ್ತಿದ್ದಾರೆ ಎಂಬುದೆಲ್ಲ ಆ ಕೂಡುವ ಕಳೆಯುವ ಮಾತಿನಲ್ಲೇ ಇದೆ. ವಿಲ್ಲಿಯ ಚೀಲಗಳಲ್ಲಿ ಇರುವ ಸರಕು ಯಾವುದೆಂದು ನಾಟಕ ಕೊನೆಯವರೆಗೂ ಹೇಳುವುದಿಲ್ಲ. ಅವನು ಮಾರುತ್ತಿರುವುದು ತನ್ನನ್ನೇ ಎಂದು ನಮಗೆ ಅನ್ನಿಸತೊಡಗುವುದು ಇಂಥ ಕಡೆ.

ಎರಡನೇ ಅಂಕದಲ್ಲಿ ಅವನು ಮಾಲೀಕ ಹೋವರ್ಡ್‌ನ ಬಳಿ ಹೋಗುವ ದೃಶ್ಯವಂತೂ ಇಪ್ಪತ್ತನೇ ಶತಮಾನದ ರಂಗಭೂಮಿಯ ಅತ್ಯಂತ ಕ್ರೂರ ದೃಶ್ಯಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ವಿಲ್ಲಿಗೆ 63 ವರ್ಷ, ಹೋವರ್ಡ್‌ಗೆ 36. ಇನ್ನು ಊರೂರು ತಿರುಗಲಾರೆ, ನ್ಯೂಯಾರ್ಕಿನಲ್ಲೇ ಕೆಲಸ ಕೊಡು, ವಾರಕ್ಕೆ 65 ಡಾಲರ್ ಸಾಕು ಎಂದು ಕೇಳುತ್ತಾನೆ. ಆಮೇಲೆ 50 ಸಾಕು ಎನ್ನುತ್ತಾನೆ. ಕೊನೆಗೆ 40ಕ್ಕೆ ಇಳಿಯುತ್ತಾನೆ. ಹೋವರ್ಡ್ ಕೆಟ್ಟವನಲ್ಲ, ಹೊಸದಾಗಿ ಕೊಂಡ ಧ್ವನಿಮುದ್ರಣ ಯಂತ್ರದಲ್ಲಿ ತನ್ನ ಮಕ್ಕಳ ದನಿ ಕೇಳಿಸುವ ಸಡಗರದಲ್ಲಿದ್ದಾನೆ. ಬೈಗುಳವಿಲ್ಲ, ಕೂಗಾಟವಿಲ್ಲ, ಆದರೂ ಆ ಭೇಟಿ ಮುಗಿಯುವಷ್ಟರಲ್ಲಿ ವಿಲ್ಲಿಗೆ ಇದ್ದ ಕೆಲಸವೂ ಹೋಗಿರುತ್ತದೆ. ಸಿಂಹಾಸನದಿಂದ ಬೀಳುವುದು ಮಾತ್ರ ಬೀಳುವುದೇ? ಅರವತ್ತೈದರಿಂದ ನಲವತ್ತಕ್ಕೆ ಇಳಿಯುವಾಗ ಒಬ್ಬ ಮನುಷ್ಯ ತನ್ನ ಮರ್ಯಾದೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟುಕೊಡುವುದನ್ನು ಕಂಡವರು ಈ ಪತನದ ಎತ್ತರವನ್ನು ಅನುಮಾನಿಸಲಾರರು. ನಾಟಕ ಬ್ರಾಡ್‌ವೇಯಲ್ಲಿ 1949ರ ಫೆಬ್ರವರಿ 10ರಂದು ಶುರುವಾಯಿತು. ಅದೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನದಲ್ಲಿ ಮಿಲ್ಲರ್ ಇದನ್ನೇ ವಾದಿಸಿದ: ತನ್ನ ಘನತೆಯೊಂದನ್ನು ಉಳಿಸಿಕೊಳ್ಳಲು ಪ್ರಾಣ ಕೊಡಲೂ ಸಿದ್ಧನಾದವನು ಅರಸನಾಗಲಿ ಆಳಾಗಲಿ, ದುರಂತಕ್ಕೆ ಅರ್ಹ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಂಬಳ ಸಾಲಗಳ ಕಡೆಯಿಂದ ಓದಿದರೆ ತಪ್ಪೆಲ್ಲ ವ್ಯವಸ್ಥೆಯದ್ದಾಗುತ್ತದೆ. ನಾಯಕ ಬರೀ ಬಲಿಪಶುವಾಗುತ್ತಾನೆ. ನಮ್ಮಲ್ಲಿ ಮರುಕ ಹುಟ್ಟೀತು, ದುರಂತದ ಭಯ ಹುಟ್ಟದು ಎಂಬುದು ಅದು. ಆದರೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದವರಿಗೆ ಮಾತ್ರ ಹಾಗೆ ಕಾಣುತ್ತದೆ. ಹೋವರ್ಡ್ ಹೊರಗೆ ಹಾಕಿದ ದಿನವೇ ನೆರೆಯ ಚಾರ್ಲಿ ವಾರಕ್ಕೆ 50 ಡಾಲರಿನ ಕೆಲಸ ಕೊಡುತ್ತೇನೆ ಎನ್ನುತ್ತಾನೆ. ಹೋವರ್ಡ್‌ನ ಮುಂದೆ ಕೊನೆಗೆ ಬೇಡಿದ್ದಕ್ಕಿಂತ ಅದು ಹತ್ತು ಡಾಲರ್ ಹೆಚ್ಚು. ವಿಲ್ಲಿ ಒಲ್ಲೆ ಎನ್ನುತ್ತಾನೆ. ಅದೇ ಚಾರ್ಲಿಯ ಹತ್ತಿರ ವಾರ ವಾರವೂ ಸಾಲ ತಂದು ಮನೆಯಲ್ಲಿ ಸಂಬಳವೆಂದು ತೋರಿಸುವ ಮನುಷ್ಯನಿಗೆ ಅವನ ಕೈಕೆಳಗೆ ದುಡಿಯುವುದು ಮಾತ್ರ ಆಗದು. ಇಲ್ಲಿ ವ್ಯವಸ್ಥೆ ಬಾಗಿಲು ಮುಚ್ಚಿಲ್ಲ. ಒಂದು ಬಾಗಿಲು ತೆರೆದಿತ್ತು, ತನ್ನ ಬಗ್ಗೆ ತಾನು ಕಟ್ಟಿಕೊಂಡ ಚಿತ್ರ ಒಡೆಯುತ್ತದೆ ಎಂದು ಅವನೇ ಅದನ್ನು ಎಳೆದುಕೊಂಡ. ಗ್ರೀಕರು ಹೇಳಿದ ನಾಯಕನ ತಪ್ಪು ಹೆಜ್ಜೆ ಇದಲ್ಲದೆ ಇನ್ನೇನು? ಅದನ್ನು ಕಾಣಲು ಎರಡೂ ಮೊತ್ತಗಳು ನೆನಪಿರಬೇಕು.

ಮತ್ತೊಂದು ಆಕ್ಷೇಪ, ವಿಲ್ಲಿಗೆ ಕೊನೆಗೂ ಅರಿವು ಮೂಡುವುದಿಲ್ಲ ಎಂಬುದು. ಇದು ನಿಜ. ಈಡಿಪಸ್‌ನಂತೆ ಅವನಿಗೆ ಸತ್ಯ ಕಾಣುವುದಿಲ್ಲ. ಮಗ ಬಿಫ್ ತನ್ನನ್ನು ಪ್ರೀತಿಸುತ್ತಾನೆಂಬ ಒಂದೇ ಸತ್ಯ ಅವನಿಗೆ ಹೊಳೆಯುತ್ತದೆ, ಅದನ್ನೂ ಅವನು 20,000 ಡಾಲರ್ ವಿಮೆಯ ಹಣಕ್ಕೆ ಬದಲಾಯಿಸಲು ಹೊರಡುತ್ತಾನೆ. ಅರಿವು ಬರುವುದು ಬಿಫ್‌ಗೆ. ಅದನ್ನು ನಾಟಕದ ಕೊರತೆ ಎಂದು ನಾನು ಎಣಿಸುವುದಿಲ್ಲ. ಯೋಚಿಸಲು ಬಿಡುವೇ ಕೊಡದ ದುಡಿಮೆಯಲ್ಲಿ ಸವೆದವನು ಸಾಯುವ ಮುನ್ನ ಜ್ಞಾನಿಯಾಗಿ ಮಾತಾಡಿದ್ದರೆ ಅದೇ ಸುಳ್ಳಾಗುತ್ತಿತ್ತು. ಮಿಲ್ಲರ್‌ಗಿಂತ ಬಹಳ ಹಿಂದೆ, 1837ರಲ್ಲಿ ತೀರಿಕೊಂಡ ಜರ್ಮನ್ ನಾಟಕಕಾರ ಬ್ಯೂಖ್ನರ್ ಅಪೂರ್ಣವಾಗಿ ಬಿಟ್ಟುಹೋದ 'ವೋಯ್‌ಟ್ಸೆಕ್'ನಲ್ಲೂ ಹೀಗೆಯೇ. ಸಂಸಾರಕ್ಕೆ ನಾಲ್ಕು ಕಾಸು ಹೆಚ್ಚು ಸಿಗಲೆಂದು ಕ್ಯಾಪ್ಟನ್‌ನ ಗಡ್ಡ ಹೆರೆಯುವ, ವೈದ್ಯನ ಪ್ರಯೋಗಕ್ಕಾಗಿ ಬರೀ ಬಟಾಣಿ ತಿನ್ನುವ ಆ ಸಿಪಾಯಿಗೆ ತನ್ನ ಸಂಕಟವನ್ನು ವಿವರಿಸುವ ಮಾತೇ ಇಲ್ಲ. ವಿವರಿಸುವ ಹೊಣೆ ನೋಡುವವರ ಮೇಲೆ ಬೀಳುತ್ತದೆ.

ಅಮೆರಿಕದ ಕಥೆ ನಮಗೇಕೆ ಎನ್ನುವವರು 1983ರ ಬೀಜಿಂಗ್ ಪ್ರಯೋಗವನ್ನು ನೆನೆಯಬೇಕು. ಮಿಲ್ಲರ್‌ನೇ ಹೋಗಿ ಚೀನೀ ನಟರಿಗೆ ನಾಟಕ ಆಡಿಸಿದ. ಅನುವಾದಿಸಿದ ಯಿಂಗ್ ರುವೊಚೆಂಗ್ ವಿಲ್ಲಿಯ ಪಾತ್ರ ಮಾಡಿದರು. ಊರೂರು ತಿರುಗುವ ಸೇಲ್ಸ್‌ಮನ್ ಆಗಲಿ ಜೀವವಿಮೆಯಾಗಲಿ ಅಲ್ಲಿನ ಜನಕ್ಕೆ ಪರಿಚಯವಿರಲಿಲ್ಲ. ಆದರೂ ಮಗನ ಮೇಲೆ ಆಸೆಯೆಲ್ಲ ಹೇರಿದ ಅಪ್ಪ ಅವರಿಗೆ ಅರ್ಥವಾದ. ನಮಗಂತೂ ಅಷ್ಟು ದೂರವೂ ಇಲ್ಲ. ಸಂಬಳ ತಪ್ಪಿಸಿ ಕಮಿಷನ್ ಮೇಲೆ ದುಡಿಸುವುದೆಂದರೆ ಏನೆಂದು ಬೆಂಗಳೂರಿನ ಡೆಲಿವರಿ ಹುಡುಗರಿಗೆ ಯಾರೂ ಅಡಿಟಿಪ್ಪಣಿ ಬರೆಯಬೇಕಾಗಿಲ್ಲ.

ಈ ನಾಟಕವನ್ನು ಕಲಿಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಅರಿಸ್ಟಾಟಲ್ ಆಮೇಲೆ ಬರಲಿ. ಮೊದಲ ದಿನ ಇಬ್ಬರು ವಿದ್ಯಾರ್ಥಿಗಳನ್ನು ಎದ್ದು ನಿಲ್ಲಿಸಿ, ಹೋವರ್ಡ್‌ನ ದೃಶ್ಯವನ್ನು ಗಟ್ಟಿಯಾಗಿ, ಪೂರ್ತಿ ಓದಿಸಿ. ದುರಂತ ನಾಯಕ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಪರೀಕ್ಷೆಯಿಂದ ತೆಗೆದು, ನಲವತ್ತಕ್ಕೂ ಒಪ್ಪಿದವನು ಐವತ್ತನ್ನು ಏಕೆ ಒಲ್ಲೆ ಎಂದ ಎಂದು ಕೇಳಿ.