ಮನೆವಾರ್ತೆ: ಒಂದು ಗುಣಾಕಾರ, ಒಂದು ಭಾಗಾಕಾರ

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಇಂದು ಹೊಳೆನರಸೀಪುರದ ಕಡೆಯ ಹಳೇಕೋಟೆಯಂತಹ ಊರುಗಳ ಅಡಿಗೆಮನೆಗಳಲ್ಲಿಯೂ ವಿದ್ಯುಚ್ಛಕ್ತಿಯುಂಟು. ಮನೆಗೆ ಬಂದವರ ಬಲಾಬಲವನ್ನು ಅರಿತು ನಡೆಯುವುದು ಗೃಹಸ್ಥರಿಗೆ ಒಪ್ಪುವ ಮಾತಷ್ಟೆ.

ಹೇಮಾವತಿಯ ಕಾಲುವೆಯನ್ನು ಕಂಡ ವಾಚಕರಿಗೆ ಈ ವಿಷಯವು ಕಠಿಣವಲ್ಲ. ನೀರನ್ನು ನೂಕುವ ಒತ್ತಡದಂತೆ ವೋಲ್ಟು. ಹರಿಯುವ ನೀರಿನ ಪ್ರಮಾಣದಂತೆ ಆಂಪಿಯರು. ಕಾಯಿಸುವ ಉಪಕರಣಗಳಲ್ಲಿ ಇವೆರಡನ್ನು ಗುಣಿಸಿದರೆ ವಾಟು, ಎಂದರೆ ಶಕ್ತಿಯು ವ್ಯಯವಾಗುವ ವೇಗವು ದೊರೆಯುವುದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮು, ಎಂದರೆ ಉಪಕರಣವು ಒಡ್ಡುವ ತಡೆಯು ತಿಳಿಯುವುದು.

ನೀರು ಕಾಯಿಸುವ 2000 ವಾಟಿನ ಉಪಕರಣವೊಂದನ್ನು ತೆಗೆದುಕೊಳ್ಳೋಣ. ನಮ್ಮ ಮನೆಗಳಿಗೆ ಬರುವ ಒತ್ತಡವು 230 ವೋಲ್ಟು. 2000ವನ್ನು 230ರಿಂದ ಭಾಗಿಸಲು ಪ್ರವಾಹವು ಸುಮಾರು 8.7 ಆಂಪಿಯರು, 230ನ್ನು 8.7ರಿಂದ ಭಾಗಿಸಲು ತಡೆಯು ಸುಮಾರು 26.4 ಓಮು. ಆದರೆ ಗೋಡೆಯ ಸಣ್ಣ ಸಾಕೆಟ್ಟು ತಾಳುವುದು 6 ಆಂಪಿಯರು ಮಾತ್ರ! ಪ್ರವಾಹವು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಮಡಿಯಾಗುವುದು. ತಂತಿಯ ಹೊದಿಕೆಯು ಕರಗಿ, ಮನೆಗೆ ಬೆಂಕಿ ತಗಲುವ ಭಯವಿರುವುದು ಇಲ್ಲಿಯೇ. ಆದುದರಿಂದ ಇಂತಹ ಉಪಕರಣಕ್ಕೆ 16 ಆಂಪಿಯರಿನ ಸಾಕೆಟ್ಟೂ ಅದಕ್ಕೆ ತಕ್ಕ ದಪ್ಪನೆಯ ತಂತಿಯೂ ಬೇಕು.

ಫ್ಯೂಸು ಪದೇ ಪದೇ ಸುಟ್ಟಿತೆಂದು ಬೇಸರಗೊಂಡು ಅಲ್ಲಿ ದಪ್ಪ ತಂತಿಯನ್ನು ಬಿಗಿಯುವವರುಂಟು. ಅದು ಕೂಗಿ ಎಚ್ಚರಿಸುವ ಕಾವಲುಗಾರನ ಬಾಯಿ ಕಟ್ಟಿದಂತೆ. ಹೊಸ ಉಪಕರಣವನ್ನು ಕೊಂಡ ದಿನ, ಅದರ ಮೇಲೆ ಬರೆದಿರುವ ವಾಟನ್ನು ಓದಿ, ಮಕ್ಕಳ ಕೈಯಲ್ಲಿಯೇ ಈ ಭಾಗಾಕಾರವನ್ನು ಮಾಡಿಸಿರಿ. ಪಾಠವೂ ಆಯಿತು, ಮನೆಯೂ ಉಳಿಯಿತು.