‘ನಿಮ್ಮದೇ ಸಂಸ್ಥೆ’ ಎಂಬ ಉಪದೇಶ

ನಮ್ಮ ಸಂಘದ ಕಳೆದ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಗಳಾಗಿ ದಯಮಾಡಿಸಿದ್ದ ಉದ್ಯಮಿಯೊಬ್ಬರು ತರುಣರಿಗೆ ಒಂದು ಹಿತವಚನ ಹೇಳಿದರು. ದುಡಿಯುವ ಸಂಸ್ಥೆಯನ್ನು ನಿಮ್ಮದೇ ಎಂದು ತಿಳಿಯಿರಿ, ನೌಕರನಂತೆ ಯೋಚಿಸಬೇಡಿ, ಧಣಿಯಂತೆ ಯೋಚಿಸಿ ಎಂದು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸಭಾಮರ್ಯಾದೆ ಎಂಬುದೊಂದಿದೆಯಲ್ಲ. ಆದರೆ ದಾದರಿನಲ್ಲಿ ಲೋಕಲ್ ಗಾಡಿ ಹಿಡಿದು ಮನೆಗೆ ಮರಳುವಾಗ ಒಂದು ಪ್ರಶ್ನೆ ಬೆನ್ನು ಹತ್ತಿತು. ಧಣಿಯಂತೆ ಯೋಚಿಸಬೇಕಾದವನಿಗೆ ಧಣಿಯ ಲೆಕ್ಕದ ಪುಸ್ತಕವನ್ನು ಯಾರಾದರೂ ತೋರಿಸಿದ್ದಾರೆಯೆ?

ಉಪದೇಶದಲ್ಲಿ ಸತ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಫೋರ್ಟ್ ಭಾಗದ ಒಂದು ಖಾಸಗಿ ಕಂಪೆನಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವನು ನಾನು. ಒಂದೇ ಸಾಮಾನನ್ನು ಎರಡು ವಿಭಾಗಗಳು ಎರಡು ದರದಲ್ಲಿ ಕೊಳ್ಳುತ್ತಿದ್ದುದು ನನ್ನ ಮೇಜಿನ ಮೇಲೆ ಬಂದ ಬಿಲ್ಲುಗಳಲ್ಲಿಯೇ ಕಾಣುತ್ತಿತ್ತು. ಅದು ಉಗ್ರಾಣದವರ ಪಾಡು, ನನಗೇಕೆ ಎಂದು ಮುದ್ರೆ ಒತ್ತಿ ಮುಂದೆ ಕಳಿಸಿದೆ. ಒಂದು ತಿಂಗಳಲ್ಲ, ವರ್ಷಕ್ಕೂ ಮೇಲೆ. ಕೊನೆಗೆ ನನಗಿಂತ ಕಿರಿಯನೊಬ್ಬ ಧೈರ್ಯಮಾಡಿ ಮೇಲಧಿಕಾರಿಗೆ ಟಿಪ್ಪಣಿ ಬರೆದ. ಬಂದ ಉತ್ತರ: “ನಿಮ್ಮ ಟೇಬಲ್ಲಿನ ಕೆಲಸ ಮುಗಿಯಿತೆ?” ಆ ಹುಡುಗ ಮತ್ತೆ ಟಿಪ್ಪಣಿ ಬರೆದುದನ್ನು ನಾನು ಕಾಣೆ. ನನ್ನ ಮೌನ ತಪ್ಪು, ಒಪ್ಪುತ್ತೇನೆ. ಆದರೆ ಆ ಮೌನಕ್ಕೆ ಪ್ರತಿ ತಿಂಗಳೂ ಸಂಬಳ ಕೊಟ್ಟವರು ಯಾರು?

ಇಂಥ ಮಾತು ಬಂದಾಗಲೆಲ್ಲ ನಮ್ಮವರು ಉಡುಪಿ ಹೋಟೆಲಿನ ಉದಾಹರಣೆ ಎತ್ತುತ್ತಾರೆ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದ ಹುಡುಗ ಕಪ್ಪು ಬಸಿ ತೊಳೆದ, ರಾತ್ರಿ ಶಾಲೆಯಲ್ಲಿ ಓದಿದ, ಮುಂದೆ ತಾನೇ ಹೋಟೆಲಿಟ್ಟ. ಎಲ್ಲವೂ ಪರಿಶ್ರಮದ ಫಲ ಎಂದು. 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಅಡಿಗೆಮನೆಯಿಂದಲೇ ಮೇಲೆ ಬಂದವರು. ನಿಜ. ಆದರೆ ಬರಿಯ ಪರಿಶ್ರಮವೇ ಕಾರಣವಾಗಿದ್ದರೆ ಇಂದಿಗೂ ಮೇಜು ಒರೆಸುತ್ತಿರುವ ನೂರಾರು ಮಂದಿ ಸೋಮಾರಿಗಳೆಂದು ಹೇಳಬೇಕಾಗುತ್ತದೆ. ಹಾಗೆ ಹೇಳುವ ನಾಲಗೆ ನನಗಿಲ್ಲ.

ನಾನು ಕಂಡಂತೆ ಕಾರಣ ಬೇರೆ. ಆ ಹೋಟೆಲು ಚಿಕ್ಕದು. ಒಂದು ಮೂಲೆಯಲ್ಲಿ ನಿಂತರೆ ರುಬ್ಬುವ ಕಲ್ಲಿನಿಂದ ಗಲ್ಲಾದವರೆಗೆ ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು. ಬೆಳಗಿನ ಇಡ್ಲಿ ಎಷ್ಟು ಗಂಟೆಗೆ ಖಾಲಿಯಾಗುತ್ತದೆ, ತೆಂಗಿನಕಾಯಿಯ ಬೆಲೆ ಏರಿದ ದಿನ ಚಟ್ನಿ ಎಷ್ಟು ತೆಳ್ಳಗಾಗುತ್ತದೆ, ಯಾವ ಗಿರಾಕಿಯ ಉದರಿ ವಸೂಲಾಗುವುದಿಲ್ಲ, ಮಳೆಗಾಲದಲ್ಲಿ ಯಾವ ತಿಂಡಿ ಉಳಿಯುತ್ತದೆ, ಇವನ್ನೆಲ್ಲ ಯಾರೂ ಅವನಿಂದ ಬಚ್ಚಿಡಲಿಲ್ಲ, ಬಚ್ಚಿಡಲು ಜಾಗವೂ ಇರಲಿಲ್ಲ. ಭಟ್ಟರ ಹಿಂದೆ ಚೀಲ ಹೊತ್ತು ಪೇಟೆಗೆ ಹೋದವನಿಗೆ ಖರೀದಿ ಗೊತ್ತಾಯಿತು; ಭಟ್ಟರು ಊರಿಗೆ ಹೋದಾಗ ಒಲೆಯ ಮುಂದೆ ನಿಂತವನಿಗೆ ಅಡಿಗೆ ಗೊತ್ತಾಯಿತು. ಸಮಗ್ರ ದೃಷ್ಟಿ ಎಂದು ಇಂದು ಭಾಷಣಗಳಲ್ಲಿ ಕೇಳುವ ಮಾತು ಅವನಿಗೆ ತಿಳಿದಿರಲಿಲ್ಲ. ಸಮಗ್ರವೇ ಅವನ ಕಣ್ಣಮುಂದಿತ್ತು.

ಈಗ ಹಿಂಜೆವಾಡಿಯಲ್ಲೋ ಬಾಂದ್ರಾ-ಕುರ್ಲಾದಲ್ಲೋ ದುಡಿಯುವ ನಮ್ಮ ಮಕ್ಕಳನ್ನು ನೋಡಿ. ಹತ್ತು ಜನ ಸೇರಿ ಮಾಡುವ ಕೆಲಸದ ಒಂದು ತುಣುಕು ಅವರ ಪಾಲಿಗೆ. ಅದನ್ನು ಬಳಸುವವರು ಯಾರು, ಅದಕ್ಕೆ ಗಿರಾಕಿ ಕೊಟ್ಟ ಹಣವೆಷ್ಟು, ಕಳೆದ ಸಲ ಅದು ಏಕೆ ಕೆಟ್ಟಿತು, ಕೇಳಿದರೆ ಹೇಳುವವರಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಕರೆದು, ನಿಮ್ಮಲ್ಲಿ ಉದ್ಯಮಶೀಲತೆ ಸಾಲದು ಎನ್ನುವುದು! ಜಪಾನಿನ ಟೊಯೋಟಾದವರು ಬರಿಯ ಉಪದೇಶ ಮಾಡಲಿಲ್ಲ. ದೋಷ ಕಂಡ ಕಾರ್ಮಿಕ ಎಳೆಯಲೆಂದು ಒಂದು ಹಗ್ಗ ಕಟ್ಟಿದರು. ಎಳೆದರೆ ಮೇಲಿನವರು ಓಡಿಬರಬೇಕು, ದೋಷ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲಬೇಕು. ನಮ್ಮ ಕಚೇರಿಗಳಲ್ಲಿ ಆ ಹಗ್ಗ ಎಲ್ಲಿದೆ?

ಅಷ್ಟು ದೂರ ಹೋಗುವುದೂ ಬೇಡ. ಕಾಫಿ ಹೌಸ್ ನಮ್ಮದೇ ಕಥೆ. ಮೊದಲನೆಯದು 1936ರಲ್ಲಿ ತೆರೆದದ್ದು ಇದೇ ಮುಂಬಯಿಯ ಚರ್ಚ್‌ಗೇಟಿನಲ್ಲಿ. ಐವತ್ತರ ದಶಕದಲ್ಲಿ ಕಾಫಿ ಬೋರ್ಡಿನವರು ಇವುಗಳನ್ನು ಮುಚ್ಚಲು ನಿಶ್ಚಯಿಸಿ ನೌಕರರನ್ನು ಮನೆಗೆ ಕಳಿಸಹೊರಟರು. ಎ. ಕೆ. ಗೋಪಾಲನ್ನರ ನೇತೃತ್ವದಲ್ಲಿ ಆ ನೌಕರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅಂದಿನವರೆಗೆ ರುಮಾಲು ಸುತ್ತಿ ತಟ್ಟೆ ಹಿಡಿದು ನಿಂತಿದ್ದವರು ಹಾಲಿನ ಬಿಲ್ಲು, ಬಾಡಿಗೆ, ಸಂಬಳ ಎಲ್ಲವನ್ನೂ ತಾವೇ ನಿಭಾಯಿಸಿದರು. ಅವರಿಗೆ ಯಾರೂ ಧಣಿಗಳಂತೆ ಯೋಚಿಸಿರಿ ಎಂದು ಬೋಧಿಸಿರಲಿಲ್ಲ. ಧಣಿಗಳೇ ಆದರು, ಯೋಚನೆ ತಾನಾಗಿ ಬಂತು. ಕಷ್ಟಗಳು ಬರಲಿಲ್ಲವೆಂದಲ್ಲ. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಹಳೆಯ ಜಾಗ 2009ರಲ್ಲಿ ಕೈಬಿಟ್ಟುಹೋಯಿತು. ಅವರು ಬಾಗಿಲು ಮುಚ್ಚಿ ಕೂರಲಿಲ್ಲ, ಚರ್ಚ್ ಸ್ಟ್ರೀಟಿಗೆ ಹೋಗಿ ಅಲ್ಲಿ ಒಲೆ ಹಚ್ಚಿದರು.

ಪುಸ್ತಕ ತೆರೆದಿಟ್ಟರೆ ಗುಟ್ಟು ರಟ್ಟಾಗುತ್ತದೆ, ನಾಳೆ ಅದೇ ಹುಡುಗ ಎದುರು ಬೀದಿಯಲ್ಲಿ ಅಂಗಡಿ ಹಾಕುತ್ತಾನೆ ಎಂದು ಹೋಟೆಲು ಮಾಲಿಕರಾದ ನನ್ನ ಮಿತ್ರರೊಬ್ಬರ ಆಕ್ಷೇಪ. ಹಾಕಲಿ, ಸ್ವಾಮಿ! ತಾವು ಹಾಕಿದ್ದೂ ಹಾಗೆಯೇ ಅಲ್ಲವೆ? ಅದರಿಂದ ತಮ್ಮ ಹಳೆಯ ಧಣಿಗಳ ಇಡ್ಲಿ ಹಳಸಿತೆ?

ತರುಣರಿಗೂ ಒಂದು ಮಾತು. ಯಾರೋ ಪುಸ್ತಕ ತೆರೆಯುವವರೆಗೆ ನನ್ನಂತೆ ಮುದ್ರೆ ಒತ್ತುತ್ತ ಕೂರಬೇಡಿ. ನಿಮ್ಮ ಕೆಲಸ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಮುಂದಿನ ಮೇಜಿನವನ ಜೊತೆ ಒಂದು ಚಹಾ ಕುಡಿಯಿರಿ. “ಟೇಬಲ್ಲಿನ ಕೆಲಸ ಮುಗಿಯಿತೆ” ಎಂಬ ಉತ್ತರ ಬಂದರೆ ಎರಡನೆಯ ಸಲವೂ ಬರೆಯಿರಿ. ಮೂರನೆಯ ಸಲಕ್ಕೆ ಬೇರೆ ಕೆಲಸ ನೋಡಿಕೊಳ್ಳಿ, ಅದೂ ಉದ್ಯಮಶೀಲತೆಯೇ.

ಇನ್ನು ನಮ್ಮ ಸಂಘ. ಸದಸ್ಯರು ಆಸಕ್ತಿ ತೋರುವುದಿಲ್ಲ, ಕುರ್ಚಿ ಹಾಕಲೂ ಜನ ಸಿಗುವುದಿಲ್ಲ ಎಂದು ಕಾರ್ಯದರ್ಶಿಗಳು ಪ್ರತಿವರ್ಷ ದೂರುತ್ತಾರೆ. ಆದರೆ ಮಹಾಸಭೆಯಲ್ಲಿ ಜಮಾಖರ್ಚು ಓದುವುದಕ್ಕೆ ಸಿಗುವುದು ಎರಡು ನಿಮಿಷ. ಅಷ್ಟರಲ್ಲಿ ಉಪ್ಪಿಟ್ಟಿನ ವಾಸನೆ ಬರುತ್ತದೆ, ಯಾರೋ ‘ಅಂಗೀಕಾರ’ ಎನ್ನುತ್ತಾರೆ. ಬರುವ ಸಭೆಗೆ ಹದಿನೈದು ದಿನ ಮೊದಲೇ ಲೆಕ್ಕಪತ್ರದ ಪ್ರತಿ ಪ್ರತಿಯೊಬ್ಬ ಸದಸ್ಯನ ಮನೆಗೆ ತಲುಪಬೇಕೆಂದು ನಾನು ಲಿಖಿತ ಠರಾವು ಕೊಟ್ಟಿದ್ದೇನೆ. ಅನುಮೋದಕರು ಇನ್ನೂ ಸಿಕ್ಕಿಲ್ಲ.