ನಡಿಗೆಯ ನಡುವೆ ನಿಲುಗಡೆ ಇರಲಿ



ಕುಡಿತ ನಿಲ್ಲಬೇಕು, ವರದಕ್ಷಿಣೆ ಹೋಗಬೇಕು, ಕೆರೆ ಉಳಿಯಬೇಕು ಎಂದು ಊರೂರಲ್ಲಿ ಸಂಘಗಳು ಹುಟ್ಟುತ್ತವೆ. ಹಂಬಲ ಪ್ರಾಮಾಣಿಕವಾದದ್ದೇ. ಆದರೆ ಸಭೆ, ಮೆರವಣಿಗೆ, ಮನವಿಪತ್ರಗಳ ಭರಾಟೆಯಲ್ಲಿ ಜೊತೆಗಾರನ ಮನೆಯ ಕಷ್ಟ ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ವರ್ಷ ತುಂಬುವುದರೊಳಗೆ ಸಂಘ ಎರಡು ಹೋಳಾಗುತ್ತದೆ. ಇದನ್ನು ಹಲವು ಕಡೆ ಕಂಡು ನಾವು ನೊಂದಿದ್ದೇವೆ.

ಉಪ್ಪಿನ ಸತ್ಯಾಗ್ರಹವನ್ನು ನೆನೆಯೋಣ. 1930ರ ಮಾರ್ಚ್ 12ರಂದು ಗಾಂಧೀಜಿಯವರು 78 ಮಂದಿ ಸಂಗಡಿಗರೊಡನೆ ಸಾಬರಮತಿಯಿಂದ ದಂಡಿಗೆ ಹೊರಟರು. ಸುಮಾರು 385 ಕಿಲೋಮೀಟರ್ ದಾರಿ. ಎದುರಿಗಿದ್ದುದು ಬ್ರಿಟಿಷ್ ಸಾಮ್ರಾಜ್ಯ. ಆದರೂ ಸೋಮವಾರ ಬಂದರೆ ನಡಿಗೆಗೆ ಬಿಡುವು. ಅಂದು ಗಾಂಧೀಜಿಯವರಿಗೆ ಮೌನ. ಪ್ರತಿಯೊಬ್ಬರೂ ದಿನವೂ ಪ್ರಾರ್ಥನೆ ಮಾಡಬೇಕು, ನೂಲಬೇಕು, ದಿನಚರಿ ಬರೆಯಬೇಕು ಎಂಬ ನಿಯಮವಿತ್ತು.

ದಾರಿಯಲ್ಲಿ ಒಂದು ಪ್ರಸಂಗ ನಡೆಯಿತು. ರಾತ್ರಿ ಬೆಳಕಿಗೆಂದು ಬಡ ಕೂಲಿಕಾರನೊಬ್ಬನ ತಲೆಯ ಮೇಲೆ ಭಾರವಾದ ದೀಪ ಹೊರಿಸಿ, ಬೇಗ ನಡೆಯೆಂದು ಅವಸರಪಡಿಸಿದ್ದರು. ಸೂರತ್ತಿನಿಂದ ಮೋಟಾರಿನಲ್ಲಿ ಹಾಲು ತರಿಸಿದ್ದರು. ಮಾರ್ಚ್ 29ರಂದು ಭಾಟಗಾಮ ಎಂಬ ಹಳ್ಳಿಯ ಸಭೆಯಲ್ಲಿ ಗಾಂಧೀಜಿಯವರು ಈ ತಪ್ಪುಗಳನ್ನು ಜನರೆದುರೇ ಒಪ್ಪಿಕೊಂಡರು. ವೈಸರಾಯರ ದುಂದುವೆಚ್ಚವನ್ನು ಟೀಕಿಸುವ ಹಕ್ಕು ತಮಗೆ ಬರಬೇಕಾದರೆ ಮೊದಲು ತಾವು ಸರಳರಾಗಬೇಕೆಂದು ತಮ್ಮವರನ್ನೇ ತಿದ್ದಿದರು. ಬಡವನ ತಲೆಯ ಮೇಲೆ ದೀಪ ಹೊರಿಸಿ ಬಡವನ ಬಿಡುಗಡೆಗೆ ನಡೆಯುವುದು ಸಲ್ಲದು. ಇದು ತಿಳಿಯಬೇಕಾದರೆ ಹೊತ್ತವನ ಮುಖ ನೋಡುವಷ್ಟು ವ್ಯವಧಾನ ಬೇಕು.

ಆ ಯಾತ್ರೆಯಲ್ಲಿ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರೂ ಹೆಜ್ಜೆ ಹಾಕಿದ್ದರು. ಹಿಂದಿರುಗಿದ ಮೇಲೆ ಅವರು ಭಾಷಣಕ್ಕೆ ಅಂಟಿಕೊಳ್ಳಲಿಲ್ಲ. ಹಳ್ಳಿಯಲ್ಲಿ ಆಶ್ರಮ ಕಟ್ಟಿ, ಜನರ ನಡುವೆ ಬಾಳಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದಾಗ ತಿರುಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಡಿಗರೂ ಜೊತೆಯಲ್ಲೇ ಪ್ರಾಣ ತೆತ್ತರು. ಅಂಥ ಒಡನಾಟ ಒಂದು ದಿನದ ಘೋಷಣೆಯಿಂದ ಹುಟ್ಟುವುದಿಲ್ಲ.

ಕೂತು ಮಾತಾಡಿದರೆ ಕೆಲಸ ಹಿಂದೆ ಬೀಳುತ್ತದೆ ಎನ್ನುವವರಿದ್ದಾರೆ. ಅನ್ಯಾಯ ಕಣ್ಣೆದುರಿಗೆ ಇರುವಾಗ ಅವರ ಆತುರ ನಮಗೂ ಅರ್ಥವಾಗುತ್ತದೆ. ಆದರೆ ಮಣ್ಣು ಹದವಾಗುವ ಮೊದಲೇ ಬೀಜ ಬಿತ್ತಿದ ರೈತ ಮತ್ತೊಮ್ಮೆ ಬಿತ್ತಬೇಕಾಗುತ್ತದೆ; ಹಿರಿಯರಾದ ನಿಮಗೆ ಇದನ್ನು ಹೇಳಬೇಕಾಗಿಲ್ಲ.

ಆದ್ದರಿಂದ ಸಂಘ ಕಟ್ಟಿದ ಮಕ್ಕಳನ್ನು ವಾರಕ್ಕೊಂದು ಸಂಜೆ ಕಟ್ಟೆಯ ಮೇಲೆ ಕೂರಿಸಿರಿ. ಅಂದು ಠರಾವು ಬೇಡ, ಲೆಕ್ಕ ಬೇಡ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನಸ್ಸಿನಲ್ಲಿ ನೋವು, ನಮ್ಮ ದೀಪವನ್ನು ಯಾರ ತಲೆಯ ಮೇಲೆ ಹೊರಿಸಿದ್ದೇವೆ ಎಂದು ಕೇಳಿಕೊಳ್ಳಲಿ. ಊರನ್ನು ತಿದ್ದುವ ಕೆಲಸ ಅಲ್ಲಿಂದಲೇ ಆರಂಭವಾಗಲಿ ಎಂದು ನಾವು ಹಾರೈಸುತ್ತೇವೆ.